ಕೋಳಿಯ ಮೈಯೊಳಗಿನ ನೀರುಗಂಟಿ: ಜೀನ್ ಮತ್ತು ರೋಗನಿರೋಧಕ ಶಕ್ತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಶುವೈದ್ಯೆ. ಓದಿದ್ದು ಹೆಬ್ಬಾಳದಲ್ಲಿ, ಮನೆ ಯಲಹಂಕದ ಹತ್ತಿರ. ದಿನದ ಹೆಚ್ಚಿನ ಹೊತ್ತು ಕೋಳಿಗಳ ಜೊತೆಯೇ ಕಳೆಯುತ್ತದೆ. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಶೆಡ್ಡಿನವರು ಫೋನ್ ಮಾಡುತ್ತಾರೆ. ತಾರಸಿ ಮೇಲೆ ನಾಲ್ಕು ನಾಟಿ ಕೋಳಿ ಸಾಕಿದವರು ಫೋಟೋ ಕಳಿಸುತ್ತಾರೆ. ಕಾಲೇಜಿನ ಮಕ್ಕಳು ಪರೀಕ್ಷೆಗೆ ಮೊದಲು ಬಂದು ಕೂರುತ್ತಾರೆ. ಕೇಳುವ ರೀತಿ ಬೇರೆ ಬೇರೆ, ಆದರೆ ಮಾತು ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತದೆ. ಕೋಳಿ ಕಾಯಿಲೆಯನ್ನು ಹೇಗೆ ಎದುರಿಸುತ್ತದೆ, ಅದರಲ್ಲಿ ಜೀನ್‌ಗಳ ಕೆಲಸ ಏನು? ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದೇ ಶೆಡ್, ಒಂದೇ ಮೇವು, ಒಂದೇ ಕಾಯಿಲೆ. ಆದರೂ ಕೆಲವು ಕೋಳಿ ಸಾಯುತ್ತವೆ, ಕೆಲವು ಉಳಿಯುತ್ತವೆ. ಯಾಕೆ?

ಕಾರಣ ಒಂದಲ್ಲ. ಎಷ್ಟು ವೈರಸ್ ಮೈಗೆ ಹೋಯಿತು, ಕೋಳಿಗೆ ಎಷ್ಟು ವಾರ, ಲಸಿಕೆ ಆಗಿತ್ತಾ, ತಾಯಿಯಿಂದ ಏನು ಬಂದಿತ್ತು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಇವೆಲ್ಲ ಸಮವಾಗಿದ್ದರೂ ಎರಡು ಕೋಳಿಗಳು ಎರಡು ರೀತಿ ಕಾಯಿಲೆಗೆ ಉತ್ತರ ಕೊಡುತ್ತವೆ. ಜೀನ್ ಬರುವುದು ಅಲ್ಲಿ.

ಜನ "ಒಳ್ಳೆ ಜೀನ್", "ಕೆಟ್ಟ ಜೀನ್" ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಮ್ಮ ಕಡೆಯ ಕೆರೆಗಳನ್ನು ನೆನಪಿಸಿಕೊಳ್ಳಿ. ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು, ಯಾವ ಗದ್ದೆಗೆ ಮೊದಲು, ಯಾವಾಗ ಮುಚ್ಚಬೇಕು, ಎಲ್ಲಾ ಅವನ ಕೈಯಲ್ಲಿತ್ತು. ಕೆರೆ ತುಂಬಿದ್ದರೂ ತೂಬು ತಡವಾಗಿ ಎತ್ತಿದರೆ ಪೈರು ಒಣಗುತ್ತದೆ. ಎತ್ತಿದ್ದನ್ನು ಮುಚ್ಚದೇ ಬಿಟ್ಟರೆ ಅದೇ ಪೈರು ಕೊಳೆಯುತ್ತದೆ. ಕೋಳಿಯ ಮೈಯೊಳಗೂ ಹೀಗೇ. ಕಾಯಿಲೆ ಎದುರಿಸುವ ಜೀನ್‌ಗಳು ಹೆಚ್ಚೂ ಕಡಿಮೆ ಎಲ್ಲಾ ಕೋಳಿಗಳಲ್ಲೂ ಇವೆ. ಅವು ಎಷ್ಟು ಬೇಗ ತೆರೆಯುತ್ತವೆ, ಎಷ್ಟು ಹರಿಸುತ್ತವೆ, ಯಾವಾಗ ನಿಲ್ಲುತ್ತವೆ ಅನ್ನುವುದರಲ್ಲೇ ವ್ಯತ್ಯಾಸ ಜಾಸ್ತಿ.

ಎಲ್ಲಾ ಕೋಶದಲ್ಲೂ ಅದೇ ಜೀನ್‌ಗಳಿದ್ದರೆ ಒಂದು ಕೋಶ ಗರಿ ಬೆಳೆಸುತ್ತದೆ, ಇನ್ನೊಂದು ವೈರಸ್ ಹಿಡಿಯುತ್ತದೆ. ಇದು ಹೇಗೆ?

ಕೋಳಿಗೆ 78 ವರ್ಣತಂತುಗಳು, ಅಂದರೆ 39 ಜೋಡಿ. ಕೆಂಪು ಕಾಡುಕೋಳಿಯ ಪೂರ್ತಿ ಡಿಎನ್‌ಎಯನ್ನು ಮೊದಲ ಸಲ ಓದಿ ಪ್ರಕಟಿಸಿದ್ದು 2004ರಲ್ಲಿ. ಹಕ್ಕಿಗಳ ಪೈಕಿ ಅದೇ ಮೊದಲು. ಸುಮಾರು 100 ಕೋಟಿ ಅಕ್ಷರ, ಮನುಷ್ಯರದ್ದರ ಮೂರರಲ್ಲಿ ಒಂದು ಪಾಲು. ಜೀನ್‌ಗಳು 20,000ದಿಂದ 23,000 ಎಂದು ಆಗ ಅಂದಾಜು ಮಾಡಿದರು.

ಆದರೆ ಯಾವ ಕೋಶವೂ ಈ ಪುಸ್ತಕವನ್ನು ಪೂರ್ತಿ ಓದುವುದಿಲ್ಲ. ಡಿಎನ್‌ಎ ದಾರ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಜೀನ್ ಸುಮ್ನೆ ಇರುತ್ತದೆ. ಸಡಿಲವಾದ ಕಡೆ ಓದುವುದಕ್ಕೆ ಜಾಗ ಸಿಗುತ್ತದೆ. ಪ್ರತಿ ಜೀನಿನ ಪಕ್ಕ, ಕೆಲವೊಮ್ಮೆ ಬಹಳ ದೂರದಲ್ಲೂ, ಅದನ್ನು ಹತೋಟಿಯಲ್ಲಿಡುವ ತುಣುಕುಗಳಿವೆ. ಪ್ರೊಮೋಟರ್, ಎನ್‌ಹ್ಯಾನ್ಸರ್ ಅನ್ನುವುದು ಇವಕ್ಕೇ. ಇವೇ ತೂಬು. ಇವುಗಳ ಮೇಲೆ ಬಂದು ಕೂರುವ ಪ್ರೋಟೀನ್‌ಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ಅವೇ ನೀರುಗಂಟಿಗಳು. ಉದಾಹರಣೆಗೆ ಪ್ಯಾಕ್ಸ್5. ಪ್ರತಿಕಾಯ (ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್) ಮಾಡುವ ಬಿ ಕೋಶ ಬಿ ಕೋಶವಾಗಿಯೇ ಉಳಿಯುವುದಕ್ಕೆ ಈ ಪ್ಯಾಕ್ಸ್5 ಕೆಲಸದಲ್ಲಿರಬೇಕು.

ವೈರಸ್ ಒಳಗೆ ಬಂದಿದೆ ಎಂದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ಕೋಶದ ಮೇಲೆ, ಕೋಶದ ಒಳಗೆ ಕಾವಲುಗಾರ ಪ್ರೋಟೀನ್‌ಗಳಿವೆ. ಟೋಲ್ ಗುಂಪಿನ ಕಾವಲುಗಾರರು, ಚಿಕ್ಕದಾಗಿ ಟಿಎಲ್‌ಆರ್, ಕೋಳಿಯಲ್ಲಿ 10. ಟಿಎಲ್‌ಆರ್4 ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾದ ಹೊರ ಗೋಡೆಯನ್ನು ಗುರುತಿಸುತ್ತದೆ. ಟಿಎಲ್‌ಆರ್3, ಟಿಎಲ್‌ಆರ್7 ವೈರಸ್ಸಿನ ಆರ್‌ಎನ್‌ಎ ಹಿಡಿಯುತ್ತವೆ. ಬ್ಯಾಕ್ಟೀರಿಯಾದ ಡಿಎನ್‌ಎ ಗುರುತಿಸಲು ನಮ್ಮಲ್ಲಿ ಟಿಎಲ್‌ಆರ್9 ಮಾಡುವ ಕೆಲಸವನ್ನು ಕೋಳಿಯಲ್ಲಿ ಟಿಎಲ್‌ಆರ್21 ಮಾಡುತ್ತದೆ.

ಕಾವಲುಗಾರ ಕೂಗಿದ ಮೇಲೆ ಸುದ್ದಿ ಕೋಶದ ನಡುವಿಗೆ, ಡಿಎನ್‌ಎ ಇರುವ ಕಡೆಗೆ ಓಡುತ್ತದೆ. ಮುಖ್ಯವಾಗಿ ಇಬ್ಬರು ಓಡುತ್ತಾರೆ, ಎನ್‌ಎಫ್-ಕಪ್ಪಾಬಿ ಮತ್ತು ಐಆರ್‌ಎಫ್7. ಸಸ್ತನಿಗಳಲ್ಲಿ ಈ ಕೆಲಸಕ್ಕೆ ಐಆರ್‌ಎಫ್3 ಎಂಬ ಇನ್ನೊಬ್ಬ ಇದ್ದಾನೆ. ಕೋಳಿಯಲ್ಲಿ ಅವನಿಲ್ಲ, ಆ ಭಾರವನ್ನೂ ಐಆರ್‌ಎಫ್7 ಹೊರುತ್ತದೆ. ಇವರು ಇಂಟರ್‌ಫೆರಾನ್ ಜೀನಿನ ತೂಬು ಎತ್ತುತ್ತಾರೆ. ಇಂಟರ್‌ಫೆರಾನ್ ಹೊರಗೆ ಹರಿದು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಅವು ತಮ್ಮಲ್ಲಿ ನೂರಾರು ಜೀನ್‌ಗಳನ್ನು ತೆರೆದು ವೈರಸ್ ಬರುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತವೆ.

ಇದನ್ನು ಹೇಳುವಾಗ ನನಗೆ ಪ್ರತಿ ಸಲ ಹೆಮ್ಮೆ ಅನಿಸುತ್ತದೆ. ಇಂಟರ್‌ಫೆರಾನ್ ಮೊದಲು ಸಿಕ್ಕಿದ್ದೇ ಕೋಳಿಯಲ್ಲಿ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕೋಳಿ ಭ್ರೂಣದ ಪೊರೆಯ ತುಂಡುಗಳಿಗೆ ಬಿಸಿಯಿಂದ ಸಾಯಿಸಿದ ಫ್ಲೂ ವೈರಸ್ ಹಾಕಿದರು. ಆ ಪೊರೆಯಿಂದ ಹೊರಬಂದ ವಸ್ತು ಹೊಸ ಪೊರೆಗಳಲ್ಲಿ ವೈರಸ್ ಬೆಳೆಯದಂತೆ ತಡೆಯಿತು. ಇಂದು ಮನುಷ್ಯರಿಗೆ ಔಷಧಿಯಾಗಿರುವ ಇಂಟರ್‌ಫೆರಾನಿನ ಕಥೆ ಶುರುವಾದದ್ದು ಒಂದು ಮೊಟ್ಟೆಯೊಳಗೆ.

ಹಕ್ಕಿಜ್ವರ ಬಂದರೆ ಬಾತುಕೋಳಿ ಓಡಾಡಿಕೊಂಡಿರುತ್ತದೆ, ಕೋಳಿ ಮಾತ್ರ ಒಂದೆರಡು ದಿನದಲ್ಲಿ ಸಾಯುತ್ತದೆ. ಇದು ನಿಜವಾ?

ಹಕ್ಕಿಜ್ವರದ ಬಹಳಷ್ಟು ವೈರಸ್‌ಗಳ ವಿಷಯದಲ್ಲಿ ನಿಜ. ಬಾತುಕೋಳಿಯನ್ನೂ ಕೊಲ್ಲುವ ಎಚ್5ಎನ್1 ತಳಿಗಳೂ ಇವೆ, ಅದನ್ನು ಮರೆಯಬಾರದು.

ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ 2010ರಲ್ಲಿ ಗೊತ್ತಾಯಿತು. ಕೋಶದೊಳಗೆ ಫ್ಲೂ ವೈರಸ್ಸಿನ ಆರ್‌ಎನ್‌ಎ ಕಂಡು ಕೂಗುವ ರಿಗ್-ಐ ಎಂಬ ಕಾವಲುಗಾರ ಬಾತುಕೋಳಿಯಲ್ಲಿದ್ದಾನೆ. ಕೋಳಿಯಲ್ಲಿ ಆ ಜೀನೇ ಇಲ್ಲ. ಬಾತುಕೋಳಿಯ ರಿಗ್-ಐಯನ್ನು ಕೋಳಿ ಕೋಶಗಳಿಗೆ ಹಾಕಿ ನೋಡಿದಾಗ ಅಲ್ಲಿ ವೈರಸ್ ಬೆಳೆಯುವುದು ಕಡಿಮೆಯಾಯಿತು. ಕೋಳಿಗೆ ಎಂಡಿಎ5 ಎಂಬ ಇನ್ನೊಂದು ಕಾವಲು ಇದೆ. ಆದರೆ ಅದು ರಿಗ್-ಐಯ ಜಾಗವನ್ನು ಪೂರ್ತಿ ತುಂಬುವುದಿಲ್ಲ.

2012ರ ಅಕ್ಟೋಬರ್‌ನಲ್ಲಿ ನಮ್ಮ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೇ ಎಚ್5ಎನ್1 ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಹಾಗಾಗಿ ಇದು ಎಲ್ಲೋ ದೂರದ ಮಾತಲ್ಲ. ಬಾತು ಮತ್ತು ಕೋಳಿಯನ್ನು ಒಂದೇ ಗೂಡಿನಲ್ಲಿ, ಒಂದೇ ನೀರಿನ ತೊಟ್ಟಿಯಲ್ಲಿ ಸಾಕಬೇಡಿ. ಒಂದಕ್ಕೆ ಇರುವ ಕಾವಲುಗಾರ ಇನ್ನೊಂದಕ್ಕೆ ಇಲ್ಲ.

ಬರ್ಸಾ ಅಂದರೇನು? ಕೋಳಿ ಡಾಕ್ಟರುಗಳು ಯಾವಾಗಲೂ ಅದರ ಮಾತೇ ಆಡುತ್ತೀರಿ.

ಹೌದು, ಆಡುತ್ತೇವೆ. ಕೋಳಿಯ ಹಿಂಭಾಗದಲ್ಲಿ, ಹಿಕ್ಕೆ ಬರುವ ದಾರಿಯ ಮೇಲ್ಗಡೆ, ದ್ರಾಕ್ಷಿ ಹಣ್ಣಿನ ಹಾಗೆ ಒಂದು ಚೀಲ ಇರುತ್ತದೆ. ಅದೇ ಬರ್ಸಾ. ಇಟಲಿಯ ಪಡುವಾದ ಫ್ಯಾಬ್ರಿಷಿಯಸ್ ಅದನ್ನು ವಿವರಿಸಿದ್ದು ಅವರು ತೀರಿಕೊಂಡ ಮೇಲೆ 1621ರಲ್ಲಿ ಅಚ್ಚಾಯಿತು. ಮುಂದೆ 300 ವರ್ಷಕ್ಕೂ ಹೆಚ್ಚು ಕಾಲ ಅದರ ಕೆಲಸ ಏನು ಎಂದು ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು ಆಕಸ್ಮಿಕವಾಗಿ. 1950ರ ದಶಕದಲ್ಲಿ ಅಮೆರಿಕದ ಓಹಾಯೋದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದು ಸಾಕುತ್ತಿದ್ದರು. ಜೊತೆಯ ವಿದ್ಯಾರ್ಥಿ ಟಿಮೊತಿ ಚಾಂಗ್‌ಗೆ ಪಾಠಕ್ಕೆಂದು ಕೋಳಿಗಳು ಬೇಕಾದವು. ಗ್ಲಿಕ್ ತಮ್ಮಲ್ಲಿದ್ದವನ್ನೇ ಕೊಟ್ಟರು. ಅವಕ್ಕೆ ಸಾಲ್ಮೊನೆಲ್ಲಾ ಚುಚ್ಚಿದರೆ ಪ್ರತಿಕಾಯವೇ ಬರಲಿಲ್ಲ. ಬರ್ಸಾ ಇಲ್ಲದಿದ್ದರೆ ಪ್ರತಿಕಾಯ ಇಲ್ಲ! ದೊಡ್ಡ ಪತ್ರಿಕೆ ಲೇಖನವನ್ನು ಬೇಡ ಅಂದಿತು. ಕೊನೆಗೆ 1956ರಲ್ಲಿ ಕೋಳಿ ವಿಜ್ಞಾನದ ಪತ್ರಿಕೆಯೊಂದರಲ್ಲಿ ಬಂತು. ಇಂದು ಮನುಷ್ಯರ ವೈದ್ಯಕೀಯದಲ್ಲೂ "ಬಿ ಕೋಶ" ಅನ್ನುತ್ತಾರಲ್ವಾ, ಆ "ಬಿ" ಬರ್ಸಾದ ಬಿ.

ಜೀನ್‌ಗಳ ಕೆಲಸ ಇಲ್ಲೇ ಬಹಳ ಚೆಂದ. ನಮ್ಮಲ್ಲಿ ಪ್ರತಿಕಾಯ ಮಾಡುವುದಕ್ಕೆ ಬೇರೆ ಬೇರೆ ಜೀನ್ ತುಂಡುಗಳು ಹತ್ತಾರು ಇವೆ, ಅವುಗಳನ್ನು ಜೋಡಿಸಿ ಜೋಡಿಸಿ ವೈವಿಧ್ಯ ಬರುತ್ತದೆ. ಕೋಳಿಗೆ ಆ ಸಿರಿತನ ಇಲ್ಲ. ಪ್ರತಿಕಾಯದ ಚಿಕ್ಕ ಸರಪಳಿಗೆ ಕೆಲಸ ಮಾಡುವ ವಿ ಜೀನ್ ಒಂದೇ ಒಂದು. ಅದರ ಹಿಂದೆ ಸುಮಾರು 25 ಹಾಳಾದ ಜೀನ್‌ಗಳು ಸಾಲಾಗಿ ಬಿದ್ದಿವೆ. ಅವು ತಾವಾಗಿ ಏನೂ ಮಾಡಲಾರವು. ಬರ್ಸಾದಲ್ಲಿ ಬಿ ಕೋಶ ಬೆಳೆಯುವಾಗ ಈ ಹಾಳು ಜೀನ್‌ಗಳಿಂದ ಚಿಕ್ಕ ಚಿಕ್ಕ ತುಣುಕು ನಕಲು ಮಾಡಿಕೊಂಡು ಒಳ್ಳೆಯ ಜೀನಿನ ಮೇಲೆ ಹಚ್ಚುತ್ತದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಹಳೆ ಸೀರೆ ಚೂರು ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಹಾಗೆ. ಚೂರು ಅವೇ, ಆದರೆ ಎರಡು ಕೌದಿ ಒಂದೇ ಥರ ಇರುವುದಿಲ್ಲ. ಈ ಹೊಲಿಗೆಗೆ ಎಐಡಿ ಎಂಬ ಜೀನ್ ಬೇಕೇ ಬೇಕು. ಅದಿಲ್ಲದಿದ್ದರೆ ಸೂಜಿ ನಿಂತ ಹಾಗೆ.

ಸರಿಯಾಗಿ ಹೊಲಿಯದ ಕೋಶಗಳನ್ನು ಬರ್ಸಾ ಹೊರಗೆ ಬಿಡುವುದಿಲ್ಲ. ಅಲ್ಲಿ ಹುಟ್ಟಿದ ಬಹುಪಾಲು ಕೋಶಗಳು ಅಲ್ಲೇ ಸಾಯುತ್ತವೆ. ಕೋಳಿ ಮೊಟ್ಟೆ ಇಡುವ ವಯಸ್ಸಿಗೆ ಬರುವ ಹೊತ್ತಿಗೆ ಬರ್ಸಾ ತಾನಾಗಿ ಕುಗ್ಗುತ್ತದೆ. ಅಂದರೆ ಈ ಕೆಲಸಕ್ಕೆ ಸಿಗುವ ಸಮಯ ಮೊದಲ ಕೆಲವು ತಿಂಗಳು ಮಾತ್ರ.

ಹಾಗಾದರೆ ಗುಂಬೋರೋ ಬಂದರೆ ಏನಾಗುತ್ತದೆ?

ಆ ಹೊಲಿಗೆ ಮನೆಗೇ ಬೆಂಕಿ ಬಿದ್ದ ಹಾಗೆ. ಗುಂಬೋರೋ ವೈರಸ್ ಬರ್ಸಾದಲ್ಲಿ ಬೆಳೆಯುತ್ತಿರುವ ಬಿ ಕೋಶಗಳನ್ನೇ ಹುಡುಕಿ ಕೊಲ್ಲುತ್ತದೆ. 3ರಿಂದ 6 ವಾರದ ಮರಿಗಳಿಗೆ ಅಪಾಯ ಜಾಸ್ತಿ. ಬರ್ಸಾ ಮೊದಲು ಊದುತ್ತದೆ, ಕೆಲವೊಮ್ಮೆ ಒಳಗೆ ರಕ್ತ ಕಾಣುತ್ತದೆ, ಆಮೇಲೆ ಕುಗ್ಗಿ ಚಿಕ್ಕದಾಗುತ್ತದೆ. ಬದುಕಿ ಉಳಿದ ಮರಿ ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ನೀವು ಮುಂದೆ ಕೊಡುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಗೆ ಸರಿಯಾಗಿ ಪ್ರತಿಕಾಯ ಮಾಡುವುದಿಲ್ಲ. "ಲಸಿಕೆ ಹಾಕಿದ್ವಿ ಡಾಕ್ಟ್ರೇ, ಆದ್ರೂ ಸತ್ವು" ಎಂದು ಬರುವವರ ಬರ್ಸಾವನ್ನು ನಾನು ಮೊದಲು ನೋಡುವುದು ಅದಕ್ಕೇ.

ಬಿ21 ಎಂದು ಕೇಳಿದ್ದೇನೆ. ಅದು ತಳಿಯ ಹೆಸರಾ?

ಅಲ್ಲ. ಅದು ಜೀನ್‌ಗಳ ಒಂದು ಗುಂಪಿನ ಹೆಸರು. ಕೋಳಿಯ 16ನೇ ವರ್ಣತಂತುವಿನಲ್ಲಿ ಬಿ ಲೋಕಸ್ ಎಂಬ ಜಾಗ ಇದೆ. ವೈರಸ್ ಹೊಕ್ಕ ಕೋಶ ಆ ವೈರಸ್ಸಿನ ಚೂರನ್ನು ಹೊರಗೆ ಹಿಡಿದು "ನನ್ನೊಳಗೆ ಇದಿದೆ, ನೋಡಿ" ಎಂದು ಟಿ ಕೋಶಗಳಿಗೆ, ಅಂದರೆ ಸೋಂಕಾದ ಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳಿಗೆ, ತೋರಿಸಬೇಕು. ತೋರಿಸುವ ಕೈಗಳನ್ನು ಮಾಡುವ ಜೀನ್‌ಗಳು ಇಲ್ಲಿವೆ. ಮನುಷ್ಯರಲ್ಲಿ ಈ ಜಾಗ ಬಹಳ ದೊಡ್ಡದು, ಇನ್ನೂರಕ್ಕೂ ಹೆಚ್ಚು ಜೀನ್‌ಗಳು. ಕೋಳಿಯಲ್ಲಿ ಪುಟ್ಟದು. 1999ರಲ್ಲಿ ಬ್ರಿಟನ್ನಿನ ಜಿಮ್ ಕಾಫ್‌ಮನ್ ಮತ್ತು ಜೊತೆಗಾರರು ಓದಿದಾಗ 92 ಸಾವಿರ ಅಕ್ಷರಗಳಲ್ಲಿ 19 ಜೀನ್ ಸಿಕ್ಕವು. ಅದರಲ್ಲೂ ವೈರಸ್ ಚೂರು ತೋರಿಸುವ ಮುಖ್ಯ ಕೆಲಸ ಬಹುಮಟ್ಟಿಗೆ ಒಂದೇ ಜೀನಿನ ಮೇಲೆ ಬೀಳುತ್ತದೆ. ಹೀಗಾಗಿ ಕೋಳಿಯಲ್ಲಿ ಈ ಜೀನಿನ ಯಾವ ನಮೂನೆ ಬಂತು ಅನ್ನುವುದು ಸಾವು ಬದುಕಿನ ಪ್ರಶ್ನೆಯಾಗಬಹುದು. ನಮಗೆ ಒಂದು ಕೈ ಸೋತರೆ ಇನ್ನೊಂದಿದೆ.

ಬಿ21 ನಮೂನೆ ಇರುವ ಕೋಳಿ ಮಾರೆಕ್ ಕಾಯಿಲೆಯನ್ನು (ಗಡ್ಡೆ ತರುವ ವೈರಸ್ ಕಾಯಿಲೆ) ಚೆನ್ನಾಗಿ ತಡೆಯುತ್ತದೆ. ಬಿ19 ಇರುವ ಕೋಳಿ ಬೇಗ ಸೋಲುತ್ತದೆ. ಕೇಳಿದವರಿಗೆಲ್ಲ ಆಶ್ಚರ್ಯವಾಗುವ ಸಂಗತಿ ಇಲ್ಲಿದೆ. ಗೆಲ್ಲುವ ಬಿ21 ಕೋಶಗಳ ಮೇಲೆ ಈ ತೋರಿಸುವ ಕೈಗಳು ಕಡಿಮೆ! ಸೋಲುವ ಬಿ19ರಲ್ಲಿ ಜಾಸ್ತಿ. ಬಿ21ರ ಕೈ ಸಂಖ್ಯೆಯಲ್ಲಿ ಕಡಿಮೆಯಾದರೂ ಬಗೆಬಗೆಯ ಚೂರುಗಳನ್ನು ಹಿಡಿಯಬಲ್ಲದು. ಬಿ19ರದ್ದು ಕೆಲವನ್ನು ಮಾತ್ರ ಹಿಡಿಯುತ್ತದೆ. ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವ ನಮ್ಮ ಅಭ್ಯಾಸದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬಿ ಲೋಕಸ್ ಒಂದೇ ಎಲ್ಲವೂ ಅಲ್ಲ. ಅಮೆರಿಕದಲ್ಲಿ ಬಹಳ ಕಾಲದಿಂದ ಕಾಪಾಡಿಕೊಂಡು ಬಂದ ಲೈನ್ 6 ಮತ್ತು ಲೈನ್ 7 ಎಂಬ ಎರಡು ವಂಶಗಳಿವೆ. ಎರಡರಲ್ಲೂ ಇರುವುದು ಬಿ2. ಆದರೂ ಒಂದು ಮಾರೆಕ್ ತಡೆಯುತ್ತದೆ, ಇನ್ನೊಂದು ಗಡ್ಡೆ ಬಂದು ಸಾಯುತ್ತದೆ. ಉಳಿದ ವರ್ಣತಂತುಗಳ ಮೇಲೂ ನೀರುಗಂಟಿಗಳಿದ್ದಾರೆ ಎಂದಾಯಿತು.

ಮಾರೆಕ್ ಲಸಿಕೆ ಆಗಿದೆ ಎಂದು ಹೇಳಿಯೇ ಮರಿ ಕೊಡುತ್ತಾರೆ. ಇನ್ನೇನು ಭಯ?

ಲಸಿಕೆಯ ಚೀಟಿ ಕೇಳಿ ಇಸಿದುಕೊಳ್ಳಿ. ಇದನ್ನು ನಾನು ನಷ್ಟ ಅನುಭವಿಸಿ ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಅಣ್ಣನ ತೋಟಕ್ಕೆ ಒಂದು ಹ್ಯಾಚರಿಯಿಂದ 60 ಮರಿ ತಂದೆವು. "ಎಲ್ಲಾ ಆಗಿದೆ ಮೇಡಂ" ಅಂದರು, ನಾನೂ ನಂಬಿದೆ. ಹತ್ತನೇ ವಾರಕ್ಕೆ ಒಂದು ಹೇಂಟೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದುಕೊಂಡಿತು. ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಕೊಯ್ದು ನೋಡಿದರೆ ತೊಡೆಯ ನರ ದಪ್ಪಗಾಗಿತ್ತು. ಆ ತಿಂಗಳು ಅಣ್ಣ ದಿನಾ ಬೆಳಿಗ್ಗೆ ಒಂದೋ ಎರಡೋ ಸತ್ತ ಕೋಳಿ ಹೂಳುತ್ತಿದ್ದ.

ಈ ಕಾಯಿಲೆಯನ್ನು 1907ರಲ್ಲಿ ಮೊದಲು ವಿವರಿಸಿದವರು ಹಂಗರಿಯ ಯೋಜೆಫ್ ಮಾರೆಕ್. ಕಾರಣ ಒಂದು ಹರ್ಪಿಸ್ ವೈರಸ್. ಅದು ಟಿ ಕೋಶಗಳೊಳಗೆ ಅಡಗಿ ಅವನ್ನು ಕ್ಯಾನ್ಸರ್ ಕೋಶಗಳನ್ನಾಗಿ ಮಾಡುತ್ತದೆ. ಹೇಗೆ ಗೊತ್ತಾ? ಕೋಳಿಯ ಕೋಶದಲ್ಲಿ ಮೈಕ್ರೋಆರ್‌ಎನ್‌ಎ ಎಂಬ ತೀರಾ ಚಿಕ್ಕ ತುಣುಕುಗಳಿವೆ. ಪ್ರೋಟೀನ್ ಆಗಬೇಕಾದ ಸಂದೇಶವನ್ನು ದಾರಿಯಲ್ಲೇ ತಡೆಯುವುದು ಅವುಗಳ ಕೆಲಸ. ಎಂಐಆರ್-155 ಅವುಗಳಲ್ಲೊಂದು, ರೋಗನಿರೋಧಕ ಕೋಶಗಳ ಬೆಳವಣಿಗೆಯನ್ನು ಹತೋಟಿಯಲ್ಲಿಡುತ್ತದೆ. ಮಾರೆಕ್ ವೈರಸ್ ತನ್ನದೇ ಒಂದು ಎಂಐಆರ್-155ರ ನಕಲನ್ನು ಹೊತ್ತು ತರುತ್ತದೆ. ಕಳ್ಳ ನೀರುಗಂಟಿಯ ವೇಷ ಹಾಕಿ ತೂಬಿನ ಮೇಲೆ ಬಂದು ನಿಂತ ಹಾಗೆ.

ಲಸಿಕೆ ನಿಜವಾಗಿ ಬಹಳ ಒಳ್ಳೆಯದು. ಟರ್ಕಿ ಕೋಳಿಯ ನಿರಪಾಯ ಹರ್ಪಿಸ್ ವೈರಸ್ಸಿನಿಂದ ಮಾಡಿದ ಲಸಿಕೆ 1970ರ ದಶಕದಿಂದ ಬಳಕೆಯಲ್ಲಿದೆ. ಆದರೆ ಈ ಲಸಿಕೆ ಗಡ್ಡೆಯನ್ನು ತಡೆಯುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ವೈರಸ್ ಗರಿಯ ಬುಡದಿಂದ ಧೂಳಾಗಿ ಉದುರುತ್ತಲೇ ಇರುತ್ತದೆ. ಹಾಗಾಗಿ ಮೊದಲ ದಿನವೇ ಲಸಿಕೆ, ಜೊತೆಗೆ ಹಳೆ ಕೋಳಿಯ ಧೂಳು ಇಲ್ಲದ ಶುಚಿಯಾದ ಬ್ರೂಡರ್ (ಮರಿಗಳನ್ನು ಬೆಚ್ಚಗಿಡುವ ಜಾಗ), ಎರಡೂ ಬೇಕು.

ರೋಗನಿರೋಧಕ ಶಕ್ತಿ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಅಲ್ಲ. ತೂಬು ಮುಚ್ಚುವುದೂ ಎತ್ತಿದಷ್ಟೇ ದೊಡ್ಡ ಕೆಲಸ. ಹಕ್ಕಿಜ್ವರದಲ್ಲಿ ಕೋಳಿ ಸಾಯುವುದಕ್ಕೆ ವೈರಸ್ ಜೊತೆ ಅದರದ್ದೇ ಸೈಟೋಕೈನ್‌ಗಳ (ರೋಗನಿರೋಧಕ ಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶದ ಪ್ರೋಟೀನ್‌ಗಳು) ಪ್ರವಾಹವೂ ಸೇರಿರುತ್ತದೆ. ಅದಕ್ಕೇ ಮುಚ್ಚುವ ಜೀನ್‌ಗಳೂ ಇವೆ. ಐಎಲ್-10 ಅಂಥದ್ದು. ಅದೂ ಅಳತೆಯಲ್ಲೇ ಇರಬೇಕು. ರಕ್ತಭೇದಿ ತರುವ ಕಾಕ್ಸಿಡಿಯಾಗೆ ಬೇಗ ತುತ್ತಾಗುವ ಒಂದು ವಂಶವನ್ನು ತಡೆದುಕೊಳ್ಳುವ ವಂಶದ ಜೊತೆ ಹೋಲಿಸಿದಾಗ, ಸೋಲುವ ಕೋಳಿಗಳಲ್ಲೇ ಐಎಲ್-10 ಜಾಸ್ತಿ ಕಂಡಿತು. ಬೇಗ ಮುಚ್ಚಿದರೂ ಕಷ್ಟ.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಅಮೆರಿಕದ ವರ್ಜೀನಿಯಾದಲ್ಲಿ 1970ರ ದಶಕದಿಂದ ಕೋಳಿಗಳಿಗೆ ಕುರಿಯ ಕೆಂಪು ರಕ್ತಕಣ ಚುಚ್ಚಿ, ಜಾಸ್ತಿ ಪ್ರತಿಕಾಯ ಮಾಡಿದವನ್ನು ಒಂದು ಕಡೆ, ಕಡಿಮೆ ಮಾಡಿದವನ್ನು ಇನ್ನೊಂದು ಕಡೆ ತಲೆಮಾರಿನಿಂದ ತಲೆಮಾರಿಗೆ ಬೆಳೆಸಿದರು. ಜಾಸ್ತಿ ಪ್ರತಿಕಾಯದ ಕೋಳಿಗಳು ಮೈಯಲ್ಲಿ ಚಿಕ್ಕವಾದವು. ಕೊಕ್ಕರೆ ರೋಗವನ್ನು ಚೆನ್ನಾಗಿ ತಡೆದವು, ಆದರೆ ಇ. ಕೋಲಿ ಬ್ಯಾಕ್ಟೀರಿಯಾಗೆ ಇನ್ನೊಂದು ವಂಶಕ್ಕಿಂತ ಬೇಗ ಸೋತವು. ಒಂದು ಗದ್ದೆಗೆ ಜಾಸ್ತಿ ನೀರು ಬಿಟ್ಟರೆ ಇನ್ನೊಂದಕ್ಕೆ ಕಡಿಮೆಯಾಗುತ್ತದೆ. ಆರು ವಾರದಲ್ಲಿ ಎರಡು ಕಿಲೋ ದಾಟುವ ಬಾಯ್ಲರ್ ಕೋಳಿಯನ್ನು ನೋಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನಾಟಿ ಕೋಳಿಗೆ ಲಸಿಕೆ ಬೇಡ, ಅದು ಗಟ್ಟಿ ಅನ್ನುತ್ತಾರೆ.

ಈ ಒಂದು ಮಾತಿನಿಂದ ಎಷ್ಟು ಹಿತ್ತಲು ಖಾಲಿಯಾಗಿವೆಯೋ! ನಾಟಿ ಕೋಳಿಗಳಲ್ಲಿ ಜೀನ್‌ಗಳ ವೈವಿಧ್ಯ ಜಾಸ್ತಿ, ನಿಜ. ಒಂದು ಕಾಯಿಲೆ ಬಂದಾಗ ಎಲ್ಲವೂ ಒಂದೇ ರೀತಿ ಸೋಲುವ ಸಾಧ್ಯತೆ ಕಡಿಮೆ, ಅದೂ ನಿಜ. ಆದರೆ ಕೊಕ್ಕರೆ ರೋಗ, ಅದೇ ರಾಣಿಖೇತ್, ಬಂದರೆ ನಾಟಿ ಕೋಳಿಗಳೂ ಸಾಲಾಗಿ ಸಾಯುತ್ತವೆ. ಹಸಿರು ಹಿಕ್ಕೆ, ತಿರುಚಿದ ಕತ್ತು, ನೀವು ನೋಡಿಯೇ ಇರುತ್ತೀರಿ.

ತಳಿಗಳ ನಡುವೆ ವ್ಯತ್ಯಾಸ ಇರುವುದು ಖಂಡಿತ. ಈಜಿಪ್ಟಿನ ಫಯೂಮಿ ಕೋಳಿಯನ್ನು ಲೆಗ್‌ಹಾರ್ನ್ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಫಯೂಮಿ ಕೊಕ್ಕರೆ ರೋಗದ ವೈರಸ್ಸನ್ನು ಬೇಗ ಹೊರಹಾಕುತ್ತದೆ. ನಮ್ಮ ಹೆಬ್ಬಾಳದಲ್ಲೇ ಬೆಳೆಸಿದ ಗಿರಿರಾಜ, ಸ್ವರ್ಣಧಾರ ಹಿತ್ತಲಿನ ಬದುಕಿಗೆ ಚೆನ್ನಾಗಿ ಹೊಂದುತ್ತವೆ. ಯಾವ ತಳಿಯಾದರೂ ಲಸಿಕೆ ತಪ್ಪಿಸಬೇಡಿ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಎಫ್ ಅಥವಾ ಲಸೋಟಾ ಲಸಿಕೆ, ಎಂಟನೇ ವಾರದ ಹೊತ್ತಿಗೆ ಆರ್2ಬಿ.

ತಾಯಿ ಕೋಳಿ ಮರಿಗೆ ರೋಗನಿರೋಧಕ ಶಕ್ತಿ ಕೊಡುತ್ತದಾ?

ಕೊಡುತ್ತದೆ, ಎರಡು ದಾರಿಯಲ್ಲಿ. ಒಂದು ಜೀನ್. ಇನ್ನೊಂದು ಮೊಟ್ಟೆಯ ಹಳದಿ. ತಾಯಿಯ ರಕ್ತದಲ್ಲಿದ್ದ ಐಜಿವೈ ಪ್ರತಿಕಾಯ ಹಳದಿಗೆ ಇಳಿದು, ಅಲ್ಲಿಂದ ಮರಿಯ ರಕ್ತಕ್ಕೆ ಸೇರುತ್ತದೆ. ಅದು ಎರಡು ಮೂರು ವಾರ ಉಳಿಯುತ್ತದೆ. ತೊಂದರೆ ಏನೆಂದರೆ, ಆ ಪ್ರತಿಕಾಯ ಜಾಸ್ತಿ ಇರುವಾಗ ಲಸಿಕೆ ಹಾಕಿದರೆ ಲಸಿಕೆಯನ್ನೂ ಅದು ತಡೆದುಬಿಡುತ್ತದೆ. ಗುಂಬೋರೋ ಲಸಿಕೆಯ ದಿನ ನಿರ್ಧರಿಸುವಾಗ ಇದನ್ನೇ ಲೆಕ್ಕ ಹಾಕುತ್ತೇವೆ.

ಏಪ್ರಿಲ್ ಬಂತೆಂದರೆ ಕಾಯಿಲೆ ಜಾಸ್ತಿ. ಬೆಂಗಳೂರಿನ ಬಿಸಿಲಿಗೂ ಜೀನ್‌ಗೂ ಸಂಬಂಧ ಇದೆಯಾ?

ಇದೆ. ಕೋಳಿಯ ಮೈ ಮಾಮೂಲಿಗೇ 41 ಡಿಗ್ರಿ ಆಸುಪಾಸು. ಬೆವರಲು ಅದಕ್ಕೆ ಆಗುವುದಿಲ್ಲ. ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಬಾಯಿ ತೆರೆದು ತೇಕುವಾಗ ಅದರ ರಕ್ತದಲ್ಲಿ ಕಾರ್ಟಿಕೋಸ್ಟಿರೋನ್ ಎಂಬ ಹಾರ್ಮೋನ್ ಏರುತ್ತದೆ. ಈ ಹಾರ್ಮೋನ್ ಕೋಶದೊಳಗೆ ಹೋಗಿ ತನ್ನ ಗ್ರಾಹಕದ ಜೊತೆ ಸೇರಿ ನೇರವಾಗಿ ಡಿಎನ್‌ಎ ಹತ್ತಿರವೇ ಬರುತ್ತದೆ. ರೋಗನಿರೋಧಕ ಜೀನ್‌ಗಳ ತೂಬನ್ನು ಕೆಳಗಿಳಿಸುತ್ತದೆ. ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್‌ಗಳು (ಬಿ, ಟಿ ಕೋಶಗಳು) ಕಡಿಮೆಯಾಗುತ್ತವೆ, ಹೆಟೆರೋಫಿಲ್ ಎಂಬ ಇನ್ನೊಂದು ಬಗೆ ಏರುತ್ತದೆ. 1983ರಿಂದ ಈ ಎರಡರ ಅನುಪಾತವನ್ನೇ ಕೋಳಿಯ ಕಷ್ಟ ಅಳೆಯುವ ಅಳತೆಯಾಗಿ ಬಳಸುತ್ತಿದ್ದಾರೆ. ಒಂದು ಹನಿ ರಕ್ತ, ಒಂದು ಗಾಜಿನ ಪಟ್ಟಿ, ಒಂದು ಮೈಕ್ರೋಸ್ಕೋಪ್ ಸಾಕು.

ಹಾಗಾಗಿ ಛಾವಣಿಗೆ ತೆಂಗಿನ ಗರಿ ಹೊದಿಸಿ. ಲಸಿಕೆಯನ್ನು ತಂಪು ಹೊತ್ತಿನಲ್ಲಿ ಹಾಕಿ. ಕುಡಿಯುವ ನೀರಿನಲ್ಲಿ ಕೊಡುವುದಾದರೆ ನಲ್ಲಿ ನೀರನ್ನು ನೇರವಾಗಿ ಬಳಸಬೇಡಿ, ಅದರ ಕ್ಲೋರಿನ್ ಲಸಿಕೆಯ ವೈರಸ್ಸನ್ನು ಕೊಲ್ಲುತ್ತದೆ. ಕೆನೆ ತೆಗೆದ ಹಾಲಿನ ಪುಡಿಯನ್ನು ಲೀಟರಿಗೆ ಎರಡೂವರೆ ಗ್ರಾಂ ಕಲಸಿದರೆ ಕ್ಲೋರಿನ್ ಸುಮ್ಮನಾಗುತ್ತದೆ.

ನೀರಿಗೆ ಅರಿಶಿನ, ಬೆಳ್ಳುಳ್ಳಿ ಹಾಕಿದರೆ?

ಹಾಕಿ, ತೊಂದರೆಯಿಲ್ಲ. ಲಸಿಕೆಯ ಬದಲು ಹಾಕಬೇಡಿ.

ಲಸಿಕೆ ಕೋಳಿಯ ಜೀನ್ ಬದಲಿಸುತ್ತದಾ? ಬಾಯ್ಲರ್‌ಗೆ ಹಾರ್ಮೋನ್ ಚುಚ್ಚುತ್ತಾರಂತೆ?

ಎರಡೂ ಇಲ್ಲ. ಲಸಿಕೆಯು ಕೋಳಿಯಲ್ಲಿ ಈಗಾಗಲೇ ಇರುವ ಜೀನ್‌ಗಳಿಗೆ ಕೆಲಸ ಕಲಿಸುತ್ತದೆ, ಅಕ್ಷರ ಬದಲಿಸುವುದಿಲ್ಲ. ಬಾಯ್ಲರ್ ಬೇಗ ಬೆಳೆಯುವುದು ದಶಕಗಳ ಆಯ್ಕೆಯಿಂದ ಮತ್ತು ಮೇವಿನಿಂದ. ಮರಿಗೆ ಕತ್ತಿನ ಹತ್ತಿರ ಚುಚ್ಚುವುದನ್ನು ನೋಡಿದ್ದರೆ ಅದು ಮಾರೆಕ್ ಲಸಿಕೆ.

ಜೀನ್ ತಿದ್ದಿ ಹಕ್ಕಿಜ್ವರ ಬಾರದ ಕೋಳಿ ಮಾಡಿದ್ದಾರಂತಲ್ಲ?

2023ರಲ್ಲಿ ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯವರು ಮತ್ತು ಜೊತೆಗಾರರು ಪ್ರಕಟಿಸಿದರು. ಫ್ಲೂ ವೈರಸ್ ಬೆಳೆಯಲು ಕೋಳಿಯ ಎಎನ್‌ಪಿ32ಎ ಎಂಬ ಪ್ರೋಟೀನನ್ನು ಬಳಸಿಕೊಳ್ಳುತ್ತದೆ. ಆ ಜೀನಿನಲ್ಲಿ ಚಿಕ್ಕ ತಿದ್ದುಪಡಿ ಮಾಡಿದರು. ಮಾಮೂಲಿ ಪ್ರಮಾಣದ ವೈರಸ್ ಕೊಟ್ಟಾಗ 10ರಲ್ಲಿ 9 ಕೋಳಿಗೆ ಸೋಂಕು ಬರಲಿಲ್ಲ. ಸಾವಿರ ಪಟ್ಟು ಕೊಟ್ಟಾಗ 10ರಲ್ಲಿ 5ಕ್ಕೆ ಬಂತು. ಆ ಕೋಳಿಗಳಲ್ಲಿ ವೈರಸ್ ರೂಪ ಬದಲಿಸಿ, ಅದೇ ಕುಟುಂಬದ ಇನ್ನೆರಡು ಪ್ರೋಟೀನ್ ಬಳಸುವುದನ್ನು ಕಲಿತಿತ್ತು. ಪ್ರಾಗ್‌ನಲ್ಲಿ 2020ರಲ್ಲಿ ಇದೇ ದಾರಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ತೆಗೆದು, ಕೋಳಿಗೆ ಕ್ಯಾನ್ಸರ್ ತರುವ ಲ್ಯೂಕೋಸಿಸ್ ಜೆ ವೈರಸ್ಸನ್ನು ತಡೆದರು.

ನನಗೆ ಇದರಲ್ಲಿ ಆಸೆ ಇದೆ, ಜೊತೆಗೆ ಭಯವೂ ಇದೆ. ಅರ್ಧ ತಡೆಯುವ ಕೋಳಿ ಸಾವಿರಾರು ಸಂಖ್ಯೆಯಲ್ಲಿ ಒಂದೆಡೆ ಇದ್ದರೆ ವೈರಸ್‌ಗೆ ಅದೇ ಪಾಠಶಾಲೆಯಾಗುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಇಂಥ ಕೋಳಿ ಇಲ್ಲ.

ನಾನು ವಿದ್ಯಾರ್ಥಿನಿ. ಇದನ್ನು ಓದುವಾಗ ಎಲ್ಲಿ ತಪ್ಪು ಆಗುತ್ತದೆ ಮೇಡಂ?

ಇಲಿಯ ಪಾಠವನ್ನು ಕೋಳಿಗೆ ಹಚ್ಚುವಾಗ ತಪ್ಪಾಗುತ್ತದೆ. ಕೋಳಿಗೆ ನಮ್ಮ ಹಾಗೆ ದುಗ್ಧಗ್ರಂಥಿಗಳಿಲ್ಲ. ನಮ್ಮ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಬದಲು ಹೆಟೆರೋಫಿಲ್. ಕೆಂಪು ರಕ್ತಕಣದಲ್ಲೂ ಕೋಶಕೇಂದ್ರ ಇರುತ್ತದೆ. ಹಾಗಾಗಿ ಒಂದು ಹನಿ ರಕ್ತದಲ್ಲಿ ಬೇಕಾದಷ್ಟು ಡಿಎನ್‌ಎ ಸಿಗುತ್ತದೆ, ಆದರೆ ಬಿಳಿ ರಕ್ತಕಣವನ್ನು ಬೇರ್ಪಡಿಸದೆ ಜೀನ್ ಅಳೆದರೆ ಲೆಕ್ಕ ಕೆಡುತ್ತದೆ.

"ಕೋಳಿಯಲ್ಲಿ ಇಲ್ಲ" ಎಂದು ಬೇಗ ಬರೆಯಬೇಡಮ್ಮ. ಟಿಎನ್‌ಎಫ್-ಆಲ್ಫಾ ಎಂಬ ಸೈಟೋಕೈನ್ ಜೀನ್ ಕೋಳಿಯಲ್ಲಿ ಇಲ್ಲ ಎಂದು ಬಹಳ ವರ್ಷ ನಂಬಿದ್ದರು. 2018ರಲ್ಲಿ ಸಿಕ್ಕಿತು. ಅದರ ಡಿಎನ್‌ಎಯಲ್ಲಿ ಜಿ ಮತ್ತು ಸಿ ಅಕ್ಷರಗಳು ವಿಪರೀತ, ಹಳೆ ಯಂತ್ರಗಳಿಗೆ ಓದಲು ಆಗಿರಲಿಲ್ಲ ಅಷ್ಟೆ.

ಕೋಳಿ ಸತ್ತರೆ ಎಲ್ಲಿಗೆ ತರಬೇಕು? ಹೇಗೆ ತರಬೇಕು?

ಒಂದೋ ಎರಡೋ ಸತ್ತಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ, ಇಲ್ಲವೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಅದೇ ದಿನ ತನ್ನಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಗೆ ಐಸ್ ಇಟ್ಟು ತನ್ನಿ. ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಬೇಡಿ, ಕೋಶಗಳು ಒಡೆದುಹೋಗಿ ಬರ್ಸಾ, ನರ ಯಾವುದನ್ನೂ ಸರಿಯಾಗಿ ನೋಡಲಾಗುವುದಿಲ್ಲ. ಯಾವ ದಿನ ಯಾವ ಲಸಿಕೆ ಹಾಕಿದಿರಿ ಎಂಬ ಚೀಟಿ ಜೊತೆಗಿರಲಿ. ಒಂದೇ ದಿನ ಬಹಳ ಸತ್ತರೆ, ಜುಟ್ಟು ನೀಲಿಯಾಗಿ ಮುಖ ಊದಿದ್ದರೆ, ಮುಟ್ಟಬೇಡಿ, ಕೊಯ್ಯಬೇಡಿ, ಎಲ್ಲಿಗೂ ಒಯ್ಯಬೇಡಿ. ಶೆಡ್ ಬಾಗಿಲು ಹಾಕಿ, ಕೈ ತೊಳೆದುಕೊಂಡು ಹತ್ತಿರದ ಸರ್ಕಾರಿ ಪಶುವೈದ್ಯರಿಗೆ ಫೋನ್ ಮಾಡಿ. ಅವರೇ ಬರುತ್ತಾರೆ.